ಸೋಲು ಯಾವಾಗ ಗುರುವಾಗುತ್ತದೆ?

‘ಸೋಲೇ ಗೆಲುವಿನ ಸೋಪಾನ’ ಎಂಬ ಮಾತು ಇಂದು ಶಾಲೆಯ ಗೋಡೆಯಿಂದ ಮೊದಲ್ಗೊಂಡು ನಮ್ಮ ಯುವ ಶಿಬಿರಗಳ ಸಮಾರೋಪ ಭಾಷಣದವರೆಗೆ ಎಲ್ಲೆಡೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಎಲ್ಲ ಬಗೆಯ ಸೋಲಿಗೂ ಅದನ್ನು ಅನ್ವಯಿಸುವುದು ತಪ್ಪು. ಒಂದು ಔಷಧ ಒಳ್ಳೆಯದೆಂದ ಮಾತ್ರಕ್ಕೆ ಎಲ್ಲ ರೋಗಕ್ಕೂ ಅದನ್ನೇ ಕುಡಿಸುವ ವೈದ್ಯನನ್ನು ನಾವು ನಂಬುವುದಿಲ್ಲ. ಈ ಮಾತನ್ನು ಮಾತ್ರ, ಯಾವ ಕೆಲಸದಲ್ಲಿ ಬಂದ ಸೋಲು, ಏತರಿಂದ ಬಂದ ಸೋಲು ಎಂದು ವಿಚಾರಿಸದೆಯೇ ಮಕ್ಕಳಿಗೆಲ್ಲ ಕುಡಿಸುತ್ತಿದ್ದೇವೆ. ಅದರ ಫಲವೇನೆಂಬುದನ್ನು ನಮ್ಮ ಬಂಧುವರ್ಗದಲ್ಲಿಯೇ ಕಂಡ ಮೇಲೆ ಈ ಲೇಖನವನ್ನು ಬರೆಯದೆ ಇರಲಾಗಲಿಲ್ಲ.

ಅಮೆರಿಕೆಯಲ್ಲಿ ನೆಲೆಸಿರುವ, ನನಗೆ ಮಗನ ವರಸೆಯಾಗುವ ತರುಣನೊಬ್ಬನು ಕಳೆದ ದೀಪಾವಳಿಗೆ ಊರಿಗೆ ಬಂದಿದ್ದನು. ಒಳ್ಳೆಯ ಉದ್ಯೋಗ, ದುಶ್ಚಟಗಳಿಲ್ಲದ ಜೀವನ, ಪರ್ವದಿನಗಳಲ್ಲಿ ಏಕಾಶನವನ್ನೂ ಬಿಡದ ಹುಡುಗ. ನಾನು ಅಂಗಡಿಯ ಲೆಕ್ಕ ಮುಗಿಸುತ್ತಿದ್ದಾಗ ಅವನೂ ಒಂದು ಪುಸ್ತಕವನ್ನು ತಂದು ಮುಂದಿಟ್ಟನು. “ದೊಡ್ಡಪ್ಪ, ಇದು ನನ್ನ ಉಪ ಆದಾಯದ ಖಾತೆ. ನಾಲ್ಕು ವರ್ಷ ಸೋತು ಸೋತು ಕಲಿತದ್ದೆಲ್ಲ ಇದರಲ್ಲಿದೆ. ನೀವು ಒಮ್ಮೆ ನೋಡಬೇಕು” ಎಂದನು. ಅದು ಅಲ್ಲಿ ‘ಸ್ವೀಪ್‌ಸ್ಟೇಕ್ಸ್’ ಎಂದು ಕರೆಯುವ, ಅಂಚೆಯ ಮೂಲಕ ಹೆಸರು ಬರೆದು ಕಳುಹಿಸಿ ಚೀಟಿ ಎತ್ತುವುದಕ್ಕಾಗಿ ಕಾಯುವ ಬಹುಮಾನ ಯೋಜನೆಗಳ ಲೆಕ್ಕವಾಗಿತ್ತು.

ಈ ಯೋಜನೆಯ ಸ್ವರೂಪ

ವಾಚಕರಲ್ಲಿ ಹಲವರಿಗೆ ಇದರ ಪರಿಚಯವಿರಲಾರದು. ಅಮೆರಿಕೆಯ ಕಾನೂನಿನಲ್ಲಿ ಲಾಟರಿಗೆ ಮೂರು ಲಕ್ಷಣಗಳನ್ನು ಹೇಳುತ್ತಾರೆ: ಬಹುಮಾನ, ಅದೃಷ್ಟದ ಆಯ್ಕೆ ಮತ್ತು ಭಾಗವಹಿಸುವವನು ಕೊಡುವ ಹಣ. ಮೂರೂ ಕೂಡಿದರೆ ಲಾಟರಿ. ಖಾಸಗಿಯವರು ಅದನ್ನು ನಡೆಸುವಂತಿಲ್ಲ. ಆದುದರಿಂದ ಸಾಬೂನು, ಪಾನೀಯ, ಪತ್ರಿಕೆ ಮಾರುವ ಸಂಸ್ಥೆಗಳು ಮೂರನೆಯದನ್ನು ತೆಗೆದುಹಾಕಿ, ‘ಏನನ್ನೂ ಕೊಳ್ಳಬೇಕಾಗಿಲ್ಲ’ ಎಂದು ಮುದ್ರಿಸಿ, ಬಹುಮಾನವನ್ನು ಘೋಷಿಸುತ್ತವೆ. ಕೊಳ್ಳದವನು 3 ಅಂಗುಲಕ್ಕೆ 5 ಅಂಗುಲದ ಕಾರ್ಡಿನ ಮೇಲೆ ಕೈಯಿಂದ ಹೆಸರು, ವಿಳಾಸ ಬರೆದು, ಲಕೋಟೆಗೆ ಅಂಚೆಚೀಟಿ ಹಚ್ಚಿ ಕಳುಹಿಸಿದರೂ ಸಾಕು. ಒಂದು ಲಕೋಟೆಗೆ ಒಂದೇ ಕಾರ್ಡು ಎಂಬುದು ಸಾಮಾನ್ಯ ನಿಯಮ. ಇಂದು ಹೆಚ್ಚಿನವು ಗಣಕಯಂತ್ರ, ಮೊಬೈಲುಗಳಿಗೆ ಸಾಗಿದ್ದರೂ ಅಂಚೆಯ ದಾರಿ ಪೂರ್ಣ ಮುಚ್ಚಿಲ್ಲ.

ಸಂಸ್ಥೆಗಳಿಗೆ ಇದರಿಂದ ಏನು ಲಾಭ? ಲಕೋಟೆಯನ್ನು ಒಡೆದವನು ಅದರೊಳಗಿನ ಮಾರಾಟದ ಪತ್ರವನ್ನೂ ಓದುತ್ತಾನೆ. ಬಹುಮಾನದ ಆಸೆಯಿಂದ ಬೇಡದ ಪತ್ರಿಕೆಗೂ ಚಂದಾ ಕಟ್ಟುತ್ತಾನೆ. ನ್ಯೂಯಾರ್ಕ್ ರಾಜ್ಯದಲ್ಲಿ 1953ರಲ್ಲಿ ಪತ್ರಿಕೆಗಳ ಚಂದಾ ಮಾರುವುದಕ್ಕಾಗಿ ಹುಟ್ಟಿದ ‘ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್’ ಎಂಬ ಸಂಸ್ಥೆ 1967ರಲ್ಲಿ ಇಂತಹ ಬಹುಮಾನವನ್ನು ಆರಂಭಿಸಿತು. ಬಹುಮಾನವು ಅದರ ವ್ಯಾಪಾರವಲ್ಲ, ವ್ಯಾಪಾರದ ಗಾಳ. ಗಾಳಕ್ಕೆ ಸಿಕ್ಕಿಸಿದ ಆಹಾರವನ್ನು ತಿಂದು ಜೀವನ ಮಾಡುತ್ತೇನೆಂದು ಮೀನು ಹೊರಟರೆ ಏನೆನ್ನಬೇಕು?

ಮೊದಲು ಲೆಕ್ಕ

ನಾನು ವಾಣಿಜ್ಯ ಪದವೀಧರ. ನಾಲ್ಕು ದಶಕಗಳಿಗೂ ಮೇಲ್ಪಟ್ಟು ಪಾತ್ರೆ ವ್ಯಾಪಾರ ಮಾಡಿದವನು. ಧರ್ಮದ ಮಾತಿಗೆ ಮೊದಲು ಲೆಕ್ಕದ ಮಾತನ್ನು ಆಡುವುದು ನ್ಯಾಯ.

ಹುಡುಗನು ವಾರಕ್ಕೆ ಸರಾಸರಿ 15 ಲಕೋಟೆ ಕಳುಹಿಸಿದ್ದನು. ನಾಲ್ಕು ವರ್ಷದ 208 ವಾರಗಳಿಗೆ 3,120 ಲಕೋಟೆಗಳು. ಬಂದದ್ದು ಒಮ್ಮೆ 500 ಡಾಲರಿನ ಚೆಕ್ಕು, ಎರಡು ಸಲ 50 ಡಾಲರಿನ ಉಡುಗೊರೆ ಕಾರ್ಡು, ಒಂದು ಕಾಫಿ ಯಂತ್ರ, ಎರಡು ಅಂಗಿ. ಎಲ್ಲವನ್ನೂ ಧಾರಾಳವಾಗಿ ಬೆಲೆಕಟ್ಟಿದರೂ 700 ಡಾಲರ್. ಇದಷ್ಟೇ ಅವನ ಪುಸ್ತಕದಲ್ಲಿತ್ತು. “ಅಂಚೆಚೀಟಿ ಎಲ್ಲಿ?” ಎಂದು ಕೇಳಿದೆ. “ಅದು ಮನೆಖರ್ಚಿನಲ್ಲಿ ಹೋಗಿದೆ, ದೊಡ್ಡಪ್ಪ” ಎಂದನು. ಜಮೆಯನ್ನು ಒಂದು ಪುಸ್ತಕದಲ್ಲಿಯೂ ಖರ್ಚನ್ನು ಇನ್ನೊಂದು ಪುಸ್ತಕದಲ್ಲಿಯೂ ಬರೆದರೆ ಲೋಕದಲ್ಲಿ ನಷ್ಟವೆಂಬುದೇ ಇರುವುದಿಲ್ಲ! ಅಲ್ಲಿಯ ಅಂಚೆಚೀಟಿಯ ಬೆಲೆ ಈ ವರ್ಷಗಳಲ್ಲಿ ಹಲವು ಬಾರಿ ಏರಿ, 2025ರ ಜುಲೈಯಲ್ಲಿ 78 ಸೆಂಟಿಗೆ ಮುಟ್ಟಿತು. ಸರಾಸರಿ 66 ಸೆಂಟು ಹಿಡಿದರೂ ಚೀಟಿಗೇ 2,059 ಡಾಲರ್. ಲಕೋಟೆ, ಕಾರ್ಡುಗಳ ಬೆಲೆ ಬೇರೆ. ಗೆದ್ದದ್ದಕ್ಕೆ ಅಲ್ಲಿಯೂ ಆದಾಯ ತೆರಿಗೆಯುಂಟು. ಒಂದೊಂದಕ್ಕೆ ನಾಲ್ಕು ನಿಮಿಷದಂತೆ 208 ಗಂಟೆಗಳು ಕಳೆದವು. ಗಂಟೆಗಳಿಗೆ ಕೂಲಿಯನ್ನೇ ಹಾಕದಿದ್ದರೂ 1,359 ಡಾಲರಿನ ನಷ್ಟ. ಇದಕ್ಕೆ ‘ಉಪ ಆದಾಯ’ ಎಂಬ ಹೆಸರು!

ಇದು ಅವನೊಬ್ಬನ ದುರದೃಷ್ಟವೆಂದು ಹೇಳುವಂತಿಲ್ಲ. 10,000 ಡಾಲರಿನ ಒಂದು ಬಹುಮಾನಕ್ಕೆ ಎರಡು ಲಕ್ಷ ಪ್ರವೇಶಗಳು ಬಂದವೆಂದು ಭಾವಿಸೋಣ. ಆಗ ಒಂದೊಂದು ಪ್ರವೇಶದ ನಿಜವಾದ ಬೆಲೆ 5 ಸೆಂಟು. ಅದನ್ನು ಕಳುಹಿಸಲು 78 ಸೆಂಟಿನ ಚೀಟಿ! ಚೀಟಿಯ ಬೆಲೆಯಾದರೂ ಸರಿಹೊಂದಬೇಕಾದರೆ ಒಟ್ಟು ಪ್ರವೇಶಗಳು 12,800ನ್ನು ಮೀರಬಾರದು. ಎಷ್ಟು ಪ್ರವೇಶಗಳು ಬರುವುವೆಂಬುದು ಕಳುಹಿಸುವವನಿಗೆ ತಿಳಿಯುವ ಸಂಭವವೇ ಇಲ್ಲ. ಕೊಳ್ಳುವ ಸರಕಿನ ತೂಕ ತಿಳಿಯದೆ ಬೆಲೆ ಕೊಡುವವನನ್ನು ನಮ್ಮ ಪೇಟೆಯಲ್ಲಿ ವ್ಯಾಪಾರಿ ಎನ್ನುವುದಿಲ್ಲ.

ಸಕಾರಣ ಸೋಲು, ನಿಷ್ಕಾರಣ ಸೋಲು

ಇಷ್ಟನ್ನು ಹೇಳಿದಾಗ ಹುಡುಗನು ಕೊಟ್ಟ ಉತ್ತರವೇ ಈ ಲೇಖನದ ಮುಖ್ಯ ವಿಷಯ. “ನಷ್ಟವಾಗಿರಬಹುದು, ಆದರೆ ಪ್ರತಿಯೊಂದು ಸೋಲಿನಿಂದಲೂ ಪಾಠ ಕಲಿತಿದ್ದೇನೆ” ಎಂದನು. ಪಾಠಗಳ ಪಟ್ಟಿಯನ್ನು ಓದಿಸಿದೆ. ಬಣ್ಣದ ಲಕೋಟೆ ಬಳಸಬೇಕು, ಎತ್ತುವವನ ಕಣ್ಣಿಗೆ ಬೀಳುತ್ತದೆ. ಕಾರ್ಡನ್ನು ಮಡಿಕೆ ಮಡಿಕೆಯಾಗಿ ಮಡಚಬೇಕು, ಬೆರಳಿಗೆ ಸಿಕ್ಕುತ್ತದೆ. ಎಲ್ಲವನ್ನೂ ಒಂದೇ ದಿನ ಹಾಕಬಾರದು, ಚೀಲದ ಬೇರೆ ಬೇರೆ ಪದರಗಳಲ್ಲಿ ಸೇರಬೇಕು. ನಿಯಮಗಳನ್ನು ಪೂರ್ತಿ ಓದಬೇಕು. ಕಾರ್ಡಿನ ಅಳತೆ ತಪ್ಪಿದರೆ ತಿರಸ್ಕರಿಸುತ್ತಾರೆ. ಕಡಿಮೆ ಜನ ಭಾಗವಹಿಸುವ ಸಣ್ಣ ಊರಿನ ಯೋಜನೆಗಳನ್ನು ಆರಿಸಬೇಕು. ಮತ್ತು ಕೊನೆಯದಾಗಿ, ಎಂದಿಗೂ ಬಿಡಬಾರದು.

ಇವುಗಳಲ್ಲಿ ನಿಯಮ ಓದುವ ಪಾಠ ಮತ್ತು ಸಣ್ಣ ಯೋಜನೆಯ ಪಾಠ, ಇವೆರಡು ನಿಜವಾದ ಪಾಠಗಳೆಂದು ಒಪ್ಪುತ್ತೇನೆ. ಅಳತೆ ತಪ್ಪಿದ್ದರಿಂದ ತಿರಸ್ಕೃತವಾದರೆ ಆ ಸೋಲಿಗೆ ಕಾರಣವಿದೆ, ಕಾರಣವನ್ನು ತಿದ್ದಬಹುದು. ಉಳಿದವು ಊಹೆಗಳು. ಯಾವ ಬಣ್ಣದ ಲಕೋಟೆ ಯಾವ ಚೀಲದಲ್ಲಿ ಎಲ್ಲಿ ಬಿತ್ತು, ಚೀಟಿ ಎತ್ತಿದವನ ಬೆರಳು ಎತ್ತ ಹೋಯಿತು ಎಂಬುದನ್ನು ಇವನು ಒಮ್ಮೆಯೂ ನೋಡಿಲ್ಲ. ನೀಲಿ ಲಕೋಟೆ ಸೋತರೆ ಹಳದಿ, ಹಳದಿ ಸೋತರೆ ಕೆಂಪು. ಇದು ಅನುಭವದ ಪಾಠವಲ್ಲ. ಬೆಕ್ಕು ಅಡ್ಡ ಬಂದುದರಿಂದ ಕೆಲಸ ಕೆಟ್ಟಿತೆಂದು ಹೇಳುವವನಿಗೂ ಇವನಿಗೂ ಏನು ವ್ಯತ್ಯಾಸ?

ಸೋಲು ಗುರುವಾಗಬೇಕಾದರೆ ಅದಕ್ಕೆ ಮಾತು ಬರಬೇಕು, ಅಂದರೆ ತನ್ನ ಕಾರಣವನ್ನು ಅದು ಹೇಳಬೇಕು. ನನ್ನ ವ್ಯಾಪಾರದ ಸೋಲೊಂದನ್ನು ಹೇಳುತ್ತೇನೆ. ಅಂಗಡಿಗೆ ಬಂದ ಹೊಸತರಲ್ಲಿ, ತಂದೆಯವರು ಬೇಡವೆಂದರೂ ಕೇಳದೆ, ಹಿತ್ತಾಳೆಯ ಪಾತ್ರೆಗಳ ದೊಡ್ಡ ದಾಸ್ತಾನನ್ನು ಕೊಂಡಿಟ್ಟೆ. ಎರಡು ವರ್ಷವಾದರೂ ಅದು ಕರಗಲಿಲ್ಲ. ಆ ಸೋಲನ್ನು ಕೇಳಿದಾಗ ಅದು ಉತ್ತರ ಕೊಟ್ಟಿತು. ಕಲಾಯಿ ಹಾಕುವವರು ಬೀದಿಗೆ ಬರುವುದು ಅಪರೂಪವಾಗಿತ್ತು. ಹುಣಿಸೆಹಣ್ಣು ಹಚ್ಚಿ ಉಜ್ಜುವಷ್ಟು ಬಿಡುವು ಮನೆಗಳಲ್ಲಿ ಇರಲಿಲ್ಲ. ಸೌದೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದು ಅಡಿಗೆಮನೆಗಳೆಲ್ಲ ಸ್ಟೀಲಿನ ಕಡೆ ತಿರುಗಿದ್ದವು. ಕೊಳ್ಳಲು ಬಂದ ಹೆಂಗಸರ ಮಾತನ್ನು ಗಮನವಿಟ್ಟು ಕೇಳಿದ್ದರೆ ಇದೆಲ್ಲ ಮೊದಲೇ ತಿಳಿಯುತ್ತಿತ್ತು. ಆ ನಷ್ಟದ ನಂತರ, ಗಿರಾಕಿ ಏನನ್ನು ಕೊಂಡರೆಂಬುದಕ್ಕಿಂತ ಏನನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರೆಂಬುದನ್ನು ನೋಡುವ ಅಭ್ಯಾಸ ನನಗೆ ಬಂತು. ಆ ಸೋಲು ನನಗೆ ಗುರುವಾಯಿತು.

ಚೀಟಿ ಎತ್ತುವ ಬಹುಮಾನದಲ್ಲಿ ಇಂತಹ ಉತ್ತರ ಸಿಕ್ಕುವುದಿಲ್ಲ. ಸಾವಿರದಲ್ಲಿ ಒಂದು ಅವಕಾಶವಿರುವ ಕಡೆ ಸಾವಿರ ಸಲ ಕಳುಹಿಸಿದರೆ ಒಮ್ಮೆಯಾದರೂ ಬಂದೇ ಬರುತ್ತದೆಂದು ಜನ ತಿಳಿಯುತ್ತಾರೆ. ಗಣಿತದ ಪ್ರಕಾರ ಹಾಗೆ ಸಾವಿರ ಸಲ ಕಳುಹಿಸಿದ ನೂರು ಜನರಲ್ಲಿ ಸುಮಾರು 37 ಜನರಿಗೆ ಒಂದು ಸಲವೂ ಬರುವುದಿಲ್ಲ. ಬಾರದ ಆ 37 ಜನ ಬಂದವರಿಗಿಂತ ಸೋಮಾರಿಗಳಲ್ಲ, ದಡ್ಡರಲ್ಲ. ಅವರ ಸಾವಿರದ ಒಂದನೆಯ ಲಕೋಟೆಗೂ ಸಾವಿರದಲ್ಲಿ ಒಂದೇ ಅವಕಾಶ. ಹಿಂದಿನ ಸಾವಿರ ಸೋಲುಗಳು ಅದಕ್ಕೆ ಎಳ್ಳಷ್ಟೂ ಬಲವನ್ನು ಕೂಡಿಸಿರುವುದಿಲ್ಲ. ಹೀಗಿರುವಾಗ ‘ಎಂದಿಗೂ ಬಿಡಬಾರದು’ ಎಂಬ ಉಪದೇಶ ಧೈರ್ಯದ ಉಪದೇಶವಲ್ಲ. ಅದು ಅಂಚೆಚೀಟಿಗೆ ಇನ್ನಷ್ಟು ಹಣ ಹಾಕಿಸುವ ಉಪದೇಶ ಮಾತ್ರ. ನಿಷ್ಕಾರಣ ಸೋಲು ಕಲಿಸಬಹುದಾದ ಪಾಠ ಒಂದೇ: ಇದು ನಾನು ನಿಲ್ಲಬೇಕಾದ ಜಾಗವಲ್ಲ.

ನನ್ನದೂ ಒಂದು ಖಾತೆ

ಪರೋಪದೇಶ ಸುಲಭವೆಂದು ಯಾರೂ ಹೇಳಬಾರದೆಂದು ನನ್ನ ದೋಷವನ್ನೂ ಇಲ್ಲಿ ಬರೆಯುತ್ತೇನೆ. ಬಿ.ಕಾಂ. ಮುಗಿಸಿದ ಹೊಸತರಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ, ನನ್ನ ಹೆಸರಿಗೂ ಅಂತಹ ಪತ್ರಗಳು ಬರುತ್ತಿದ್ದವು. ಒಳ್ಳೆಯ ಕಾಗದ, ನನ್ನ ಹೆಸರನ್ನೇ ದೊಡ್ಡದಾಗಿ ಅಚ್ಚುಮಾಡಿದ ಪತ್ರ. ಸಾವಿರಾರು ಜನರಲ್ಲಿ ನನ್ನನ್ನು ಮುಂದಿನ ಸುತ್ತಿಗೆ ಆರಿಸಲಾಗಿದೆ ಎಂಬ ಒಕ್ಕಣೆ. ‘ಹೌದು’ ಎನ್ನುವುದಕ್ಕೆ ಒಂದು ಲಕೋಟೆ, ‘ಬೇಡ’ ಎನ್ನುವುದಕ್ಕೆ ಬೇರೊಂದು ಲಕೋಟೆ. ‘ಬೇಡ’ ಎಂಬ ಲಕೋಟೆಯಲ್ಲಿ ಕಳುಹಿಸಿದರೂ ಅವಕಾಶ ಸಮಾನವೆಂದು ಸಣ್ಣ ಅಕ್ಷರದಲ್ಲಿ ಇತ್ತು. ಆದರೆ ಮನಸ್ಸು ಸಣ್ಣ ಅಕ್ಷರವನ್ನು ನಂಬಲಿಲ್ಲ. ಓದದ ಪುಸ್ತಕಗಳನ್ನು ವಿ.ಪಿ.ಪಿ.ಯಲ್ಲಿ ತರಿಸಿದೆ. ಹೀಗೆ ಮೂರು ವರ್ಷ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗಲ್ಲೆಯಿಂದ ಏಳುವುದು, ಅವನು ಬರಿಗೈಯಲ್ಲಿ ಮುಂದೆ ಹೋದರೆ ಗಿರಾಕಿಯ ಮೇಲೆ ಸಿಡುಕುವುದು ಅಭ್ಯಾಸವಾಯಿತು.

ವರ್ಷಾಂತ್ಯದ ಲೆಕ್ಕದಲ್ಲಿ ತಂದೆಯವರು ಅಂಚೆ ಮತ್ತು ವಿ.ಪಿ.ಪಿ. ಖರ್ಚಿನ ಮೊತ್ತವನ್ನು ಕಂಡರು. ಬೈಯಲಿಲ್ಲ. “ಇದನ್ನು ಯಾವ ಖಾತೆಗೆ ಬರೆಯಲಿ?” ಎಂದು ಮಾತ್ರ ಕೇಳಿದರು. ವ್ಯಾಪಾರದ ಖರ್ಚೇ? ಅಲ್ಲ. ಮನೆಖರ್ಚೇ? ಯಾರೂ ಉಂಡಿಲ್ಲ, ಉಟ್ಟಿಲ್ಲ. ದಾನವೇ? ಯಾರಿಗೂ ಉಪಕಾರವಾಗಿಲ್ಲ. ವಿದ್ಯೆಗೆ ಎಂದು ಹೇಳೋಣವೆಂದರೆ ಪುಸ್ತಕಗಳ ಹಾಳೆಯನ್ನೇ ಕತ್ತರಿಸಿರಲಿಲ್ಲ. ಅಂಗಡಿಯ ಲೆಕ್ಕದಲ್ಲಿ ಹೆಸರೇ ಇಲ್ಲದ ಖರ್ಚು ಅದು. ಮಾರನೆಯ ವರ್ಷ ನಾನು ಲಕೋಟೆ ಕಳುಹಿಸಲಿಲ್ಲ. ನಾನು ನಿಲ್ಲಿಸಿದ್ದು ಸಾವಿರ ಸೋಲುಗಳಿಂದಲ್ಲ, ಈ ಒಂದು ಪ್ರಶ್ನೆಯಿಂದ.

ಆಕ್ಷೇಪಗಳಿಗೆ ಸಮಾಧಾನ

ಮೊದಲನೆಯ ಆಕ್ಷೇಪ: ಸ್ಪರ್ಧೆಗಳಿಂದಲೇ ಸಂಸಾರ ಸಾಗಿಸಿದವರಿಲ್ಲವೇ? ಇದ್ದಾರೆ. ಅಮೆರಿಕೆಯ ಒಹೈಯೋ ರಾಜ್ಯದ ಡಿಫಯನ್ಸ್ ಎಂಬ ಊರಿನ ಎವೆಲಿನ್ ರಯನ್ ಎಂಬ ಗೃಹಿಣಿ 1950ರ ಮತ್ತು 60ರ ದಶಕಗಳಲ್ಲಿ ಇಂತಹ ಸ್ಪರ್ಧೆಗಳಿಗೆ ಬರೆದು ಕಳುಹಿಸಿ, ಬಂದ ಬಹುಮಾನಗಳ ನೆರವಿನಿಂದ ಹತ್ತು ಮಕ್ಕಳನ್ನು ಸಾಕಿದರು. ಅವರ ಮಗಳು ಟೆರ್ರಿ ರಯನ್ 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಕಥೆಯಿದೆ. 2005ರಲ್ಲಿ ಅದು ಚಲನಚಿತ್ರವೂ ಆಯಿತು. ಆದರೆ ಆ ತಾಯಿ ಚೀಟಿ ಎತ್ತುವುದನ್ನು ಕಾಯುತ್ತ ಕುಳಿತವರಲ್ಲ. ಸರಕನ್ನು ಹೊಗಳುವ ಪ್ರಾಸಪದ್ಯಗಳನ್ನೂ ಘೋಷಣೆಗಳನ್ನೂ ರಚಿಸಿದರು. ತೀರ್ಪುಗಾರರು ಓದಿ ಆರಿಸಿದರು. ಅಲ್ಲಿ ಸೋಲಿಗೆ ಕಾರಣವಿತ್ತು. ಸೋತ ಸಾಲನ್ನು ತಿದ್ದಬಹುದಿತ್ತು. ಅದು ಕೂಲಿಯ ಖಾತರಿಯಿಲ್ಲದ ಕಸುಬು, ಆದರೂ ಕಸುಬು. ಅವರ ಉದಾಹರಣೆಯನ್ನು ಹಿಡಿದು ಲಕೋಟೆ ಮಡಚುವವರನ್ನು ಸಮರ್ಥಿಸುವುದು ನೇಕಾರನ ಹೆಸರಿನಲ್ಲಿ ಜೂಜುಗಾರನಿಗೆ ಸನ್ಮಾನ ಮಾಡಿದಂತೆ.

ಎರಡನೆಯ ಆಕ್ಷೇಪ: ಹಣವನ್ನೇ ಪಣವಿಡದಿದ್ದರೆ ಅದು ದ್ಯೂತವಾಗುವುದೇ? ಕಾನೂನಿನ ದೃಷ್ಟಿಯಲ್ಲಿ ಆಗದಿರಬಹುದು. ವರ್ಷಕ್ಕೊಮ್ಮೆ ವಿನೋದಕ್ಕಾಗಿ ಒಂದು ಕಾರ್ಡು ಹಾಕಿದವನನ್ನು ವ್ಯಸನಿ ಎಂದು ನಾನೂ ಕರೆಯುವುದಿಲ್ಲ. ಆದರೆ ನಮ್ಮ ಹಿರಿಯರು ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸಿದ್ದು ಕೇವಲ ಹಣದ ಹಾನಿಗಾಗಿ ಅಲ್ಲ. ದ್ಯೂತವು ಚಿತ್ತವನ್ನು ಹಿಡಿಯುತ್ತದೆ. ಬರಬಹುದಾದ ಭೋಗವನ್ನು ಕುರಿತು ಕುದಿಯುತ್ತಿರುವುದನ್ನು ಶಾಸ್ತ್ರವು ‘ನಿದಾನ’ವೆಂದು ಹೆಸರಿಸಿ ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಸೇರಿಸಿದೆ. ಪೋಸ್ಟ್‌ಮ್ಯಾನಿನ ಹೆಜ್ಜೆಯ ಸದ್ದಿಗೆ ಗಿರಾಕಿಯನ್ನು ಮರೆತ ನನಗೆ ಈ ಶಬ್ದದ ಅರ್ಥ ವ್ಯಾಖ್ಯಾನವಿಲ್ಲದೆಯೇ ತಿಳಿದಿದೆ.

ಮೂರನೆಯದು ನಮ್ಮವರೇ ಹೇಳುವ ಆಕ್ಷೇಪ: ಬಹುಮಾನ ಬಾರದಿರುವುದು ಲಾಭಾಂತರಾಯ ಕರ್ಮದ ಫಲ, ಪೂಜೆ, ಹರಕೆಗಳಿಂದ ಅದು ಕಳೆದರೆ ಬಂದೀತು ಎಂದು. ಇದು ಕರ್ಮಸಿದ್ಧಾಂತಕ್ಕೆ ಮಾಡುವ ಅಪಚಾರ. ಒಂದು ಬಹುಮಾನಕ್ಕೆ ಎರಡು ಲಕ್ಷ ಜನ ಕೈಚಾಚಿದರೆ 1,99,999 ಜನರಿಗೆ ಬಾರದಿರುವುದು ಯೋಜನೆಯ ರಚನೆಯಲ್ಲಿಯೇ ಇದೆ. ತಾನಾಗಿ ಹೋಗಿ ನಷ್ಟದಲ್ಲಿ ಕುಳಿತು, ಆ ಮೇಲೆ ಕರ್ಮವನ್ನು ದೂರುವುದು ಮಳೆಯಲ್ಲಿ ನಿಂತು ಮೋಡವನ್ನು ಬೈದಂತೆ. ಜಿನಮಂದಿರವನ್ನು ಲಾಟರಿಯ ಕಚೇರಿಯ ಹೊರಬಾಗಿಲನ್ನಾಗಿ ಮಾಡಬಾರದು.

ಜೂಜು ವ್ಯಾಪಾರವಲ್ಲ

ಈ ವಿವಾದ ನಮ್ಮ ನಾಡಿಗೆ ಹೊಸತಲ್ಲ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ನೋಂದಾಯಿತವಾದ ಆರ್.ಎಂ.ಡಿ.ಸಿ. ಎಂಬ ಸಂಸ್ಥೆ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ತನ್ನ ವಾರಪತ್ರಿಕೆಯ ಮೂಲಕ ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಪತ್ರಿಕೆ ಮುಂಬಯಿ ರಾಜ್ಯದಲ್ಲಿಯೂ ಹರಡಿದಾಗ ಅಲ್ಲಿಯ ಸರಕಾರ ತೆರಿಗೆ ವಿಧಿಸಿತು. ‘ಇದು ನಮ್ಮ ವ್ಯಾಪಾರ ಸ್ವಾತಂತ್ರ್ಯಕ್ಕೆ ಧಕ್ಕೆ’ ಎಂದು ಸಂಸ್ಥೆ ವಾದಿಸಿತು. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು, ಋಗ್ವೇದದ ಕಾಲದಿಂದಲೂ ಜೂಜನ್ನು ನಿಂದಿಸಿರುವುದನ್ನು ಸ್ಮರಿಸಿ, ಜೂಜು ವ್ಯಾಪಾರವೇ ಅಲ್ಲ, ವ್ಯಾಪಾರಕ್ಕೆ ಸಂವಿಧಾನವು ಕೊಟ್ಟ ರಕ್ಷಣೆ ಅದಕ್ಕಿಲ್ಲವೆಂದು ತೀರ್ಪಿತ್ತಿತು. ವ್ಯಾಪಾರಿಯಾದ ನನಗೆ ಈ ತೀರ್ಪು ಸಮಾಧಾನವನ್ನು ಕೊಡುತ್ತದೆ. ಬಹುಮಾನ ಸ್ಪರ್ಧೆಗಳ 1955ರ ಕಾಯಿದೆಯು ತಿಂಗಳಿಗೆ ಒಟ್ಟು 1,000 ರೂಪಾಯಿಗಿಂತ ಹೆಚ್ಚಿನ ಬಹುಮಾನದ ಸ್ಪರ್ಧೆಗಳನ್ನು ತಡೆದಿತ್ತು. ಆ ತಡೆ ಅದೃಷ್ಟದ ಸ್ಪರ್ಧೆಗಳಿಗೇ ಹೊರತು ಬುದ್ಧಿಕೌಶಲದ ಸ್ಪರ್ಧೆಗಳಿಗಲ್ಲವೆಂದು ಅದೇ ವರ್ಷ ನ್ಯಾಯಾಲಯ ಸ್ಪಷ್ಟಪಡಿಸಿತು. ಎವೆಲಿನ್ ರಯನ್‌ಗೂ ಲಕೋಟೆ ಮಡಚುವವನಿಗೂ ನಾನು ಎಳೆದ ಗೆರೆಯೂ ಇದೇ. 2007ರಲ್ಲಿ ಕರ್ನಾಟಕವು ಲಾಟರಿಯನ್ನು ನಿಷೇಧಿಸಿದ್ದನ್ನು ವಾಚಕರು ಬಲ್ಲರು. ನಮ್ಮ ಆದಾಯ ತೆರಿಗೆಯ ಕಾನೂನು ಕೂಡ ಇಂತಹ ಗೆಲುವಿಗೆ ಶೇಕಡಾ 30ರ ತೆರಿಗೆ ಹಾಕುತ್ತದೆ. ಗೆಲ್ಲಲು ಮಾಡಿದ ಖರ್ಚನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ವ್ಯಾಪಾರದ ಖರ್ಚನ್ನು ಒಪ್ಪುವ ಕಾನೂನು ಇದನ್ನು ಒಪ್ಪದಿರುವುದರ ಅರ್ಥವೇನು?

ಅಮೆರಿಕೆಯಲ್ಲಿಯೂ ಅನುಭವ ಕಹಿಯೇ. 1990ರ ದಶಕದಲ್ಲಿ ‘ಅಮೆರಿಕನ್ ಫ್ಯಾಮಿಲಿ ಪಬ್ಲಿಷರ್ಸ್’ ಎಂಬ ಸಂಸ್ಥೆಯ ಪತ್ರಗಳನ್ನು ನಂಬಿದ ಕೆಲವು ವೃದ್ಧರು ಬಹುಮಾನ ಬಂತೆಂದೇ ತಿಳಿದು ಫ್ಲಾರಿಡಾದ ಟ್ಯಾಂಪಾ ನಗರಕ್ಕೆ ವಿಮಾನದಲ್ಲಿ ಹೋಗಿ ಬರಿಗೈಯಲ್ಲಿ ಮರಳಿದರು. 1999ರಲ್ಲಿ ಅಲ್ಲಿಯ ಸಂಸತ್ತು ವಂಚಕ ಅಂಚೆಯ ವಿರುದ್ಧ ಕಾಯಿದೆಯನ್ನೇ ಮಾಡಿ, ಕೊಂಡರೆ ಗೆಲ್ಲುವ ಅವಕಾಶ ಹೆಚ್ಚುವುದಿಲ್ಲವೆಂದು ಪತ್ರದಲ್ಲಿಯೇ ಹೇಳಬೇಕೆಂದು ವಿಧಿಸಿತು. ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್ ಹಲವು ರಾಜ್ಯಗಳೊಡನೆ 2000ದಲ್ಲಿ 1 ಕೋಟಿ 80 ಲಕ್ಷ, 2001ರಲ್ಲಿ 3 ಕೋಟಿ 40 ಲಕ್ಷ ಡಾಲರುಗಳ ರಾಜಿ ಮಾಡಿಕೊಂಡಿತು. 2023ರಲ್ಲಿ ಕೇಂದ್ರ ವ್ಯಾಪಾರ ಆಯೋಗದೊಡನೆ ಮತ್ತೆ 1 ಕೋಟಿ 85 ಲಕ್ಷ ಡಾಲರುಗಳಿಗೆ ಒಪ್ಪಿತು. 2025ರ ಏಪ್ರಿಲ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅದನ್ನು ಕೊಂಡ ಹೊಸ ಮಾಲೀಕರು ಹಳೆಯ ಬಹುಮಾನಗಳ ಹೊಣೆ ತಮ್ಮದಲ್ಲವೆಂದರು. ಜೀವಮಾನವೆಲ್ಲ ವರ್ಷವರ್ಷವೂ ಹಣ ಬರುತ್ತದೆಂದು ಗೆದ್ದು, ಅದನ್ನೇ ನಂಬಿದ್ದವರಿಗೂ ಹಣ ನಿಂತಿತು. ಸೋತವನ ಸೋಲು ಹಾಗಿರಲಿ, ಗೆದ್ದವನ ಗೆಲುವಿಗೂ ಅಲ್ಲಿ ನೆಲೆಯಿಲ್ಲ.

ಮನೆಯೊಳಗೆ ಬಂದ ನಷ್ಟ

ಇಷ್ಟೆಲ್ಲ ಬರೆಯಲು ನನ್ನನ್ನು ಒತ್ತಾಯಿಸಿದ್ದು ಹುಡುಗನ ಸಾವಿರ ಡಾಲರಿನ ನಷ್ಟವಲ್ಲ. ಅವನ ದುಡಿಮೆ ಅದನ್ನು ತಡೆದೀತು. ಊರಿನಲ್ಲಿ ಒಬ್ಬರೇ ಇರುವ ಅವನ ತಾಯಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಕೆರೆದು ನೋಡುವ ಕಾರ್ಡು. ಕೆರೆದಾಗ ಕಾರಿನ ಬಹುಮಾನ. ಕೊಟ್ಟಿದ್ದ ಸಂಖ್ಯೆಗೆ ಫೋನು ಮಾಡಿದರೆ ವಿನಯದ ಮಾತು, “ಅಮ್ಮಾ, ತೆರಿಗೆ ಕಟ್ಟಿದರೆ ಕಾರಿನ ಬದಲು ಹಣವನ್ನೇ ಕೊಡುತ್ತೇವೆ” ಎಂಬ ಭರವಸೆ. ಮೊದಲು 12,000, ಬಳಿಕ ಮತ್ತೆ 26,000 ರೂಪಾಯಿಗಳನ್ನು ಅವರು ಬ್ಯಾಂಕಿಗೆ ಹೋಗಿ ಕಟ್ಟಿದರು. ಅನಂತರ ಫೋನು ಎತ್ತುವವರಿಲ್ಲ. ಆರು ತಿಂಗಳು ಯಾರಿಗೂ ಹೇಳದೆ ನೊಂದರು.

“ನೀವು ಹೇಗೆ ನಂಬಿದಿರಮ್ಮ?” ಎಂದು ಕೇಳಿದಾಗ ಅವರು ಹೇಳಿದ್ದು: “ಮಗನಿಗೆ ಅಂಚೆಯಲ್ಲಿ ಬಹುಮಾನ ಬರುತ್ತಿತ್ತಲ್ಲ, ಭಾವನವರೇ. ಅವನಿಗೆ ಬಂದದ್ದು ನನಗೂ ಬಂತು ಅಂದುಕೊಂಡೆ. ಮೊದಲ ಸಲ ಹಣ ಹೋದಾಗ, ಬಿಡಬಾರದು, ಬಿಟ್ಟವರೇ ಸೋಲುತ್ತಾರೆ ಅಂತ ಅವನೇ ಹೇಳುತ್ತಿದ್ದ ಮಾತು ನೆನಪಾಯಿತು.” ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮಗನ 700 ಡಾಲರಿನ ಗೆಲುವು ತಾಯಿಯ 38,000 ರೂಪಾಯಿಗಳನ್ನು ನುಂಗಿತು. ದೀಪಾವಳಿಗೆ ಬಂದಾಗ ಹುಡುಗನಿಗೆ ಇದು ತಿಳಿದಿರಲಿಲ್ಲ. ತಿಳಿದ ಮೇಲೆ ಅವನು ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ.

ವಂಚಕರು ಅರ್ಧಸತ್ಯವನ್ನು ಬಳಸುತ್ತಾರೆಂಬುದನ್ನು ಗಮನಿಸಬೇಕು. ವಸ್ತುರೂಪದ ಬಹುಮಾನವಾದರೆ ತೆರಿಗೆ ಸಂದಾಯವಾದ ಬಳಿಕವೇ ಅದನ್ನು ಬಿಡುಗಡೆ ಮಾಡಬೇಕೆಂಬ ನಿಯಮ ನಮ್ಮಲ್ಲಿ ನಿಜವಾಗಿಯೂ ಇದೆ. ಆದರೆ ತೆರಿಗೆ ಸೇರುವುದು ಗೆದ್ದವನ ಪ್ಯಾನ್ ಸಂಖ್ಯೆಯೊಡನೆ ಸರಕಾರದ ಖಜಾನೆಗೆ. ಯಾರೋ ಅಪರಿಚಿತ ವ್ಯಕ್ತಿಯ ಬ್ಯಾಂಕು ಖಾತೆಗಲ್ಲ. ಭಾಗವಹಿಸದ ಸ್ಪರ್ಧೆಯಲ್ಲಿ ಬಹುಮಾನ ಬರುವುದೆಂಬುದೂ ಇಲ್ಲ. ಹಣ ಹೋಗಿದ್ದರೆ ನಾಚದೆ, ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹೇಳಬೇಕು. ಮರೆಮಾಚಿದ ಸೋಲು ಯಾರಿಗೂ ಪಾಠವಾಗುವುದಿಲ್ಲ.

ಟ್ರಸ್ಟುಗಳಿಗೆ ಒಂದು ಬಿನ್ನಹ

ಕೊನೆಯದಾಗಿ ನಮ್ಮ ಬಸದಿಗಳ ಆಡಳಿತದವರಲ್ಲಿ ಒಂದು ಮಾತು. ಜೀರ್ಣೋದ್ಧಾರಕ್ಕೂ ಉತ್ಸವಕ್ಕೂ ಹಣ ಕೂಡಿಸಲು ‘ಅದೃಷ್ಟ ಕೂಪನ್’ ಮಾರಿ, ಬೆಳ್ಳಿಯ ನಾಣ್ಯವನ್ನೋ ದ್ವಿಚಕ್ರವಾಹನವನ್ನೋ ಚೀಟಿ ಎತ್ತಿ ಕೊಡುವ ಸಲಹೆಗಳು ಸಭೆಗಳಲ್ಲಿ ಬರುತ್ತಿವೆ. ‘ಎಲ್ಲರೂ ಮಾಡುತ್ತಾರೆ’ ಎಂಬುದು ಅದರ ಸಮರ್ಥನೆ. ಇಲ್ಲಿ ಬಹುಮಾನವಿದೆ, ಅದೃಷ್ಟವಿದೆ, ಹಣವೂ ಇದೆ. ಲಾಟರಿಯ ಮೂರು ಲಕ್ಷಣಗಳೂ ಪೂರ್ಣವಾಗಿವೆ. ಸರಕಾರದ ಅಧಿಕಾರವಿಲ್ಲದೆ ಲಾಟರಿ ನಡೆಸುವುದನ್ನು ಕಾನೂನು ಅಪರಾಧವೆಂದೇ ಹೇಳುತ್ತದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ. ನ್ಯಾಯದಿಂದ ಗಳಿಸಿದ ಧನವೇ ಗೃಹಸ್ಥನ ಮೊದಲ ಗುಣವೆಂದು ಶ್ರಾವಕಾಚಾರ ಗ್ರಂಥದಲ್ಲಿ ಎಣಿಸಿದ ಆಶಾಧರ ಪಂಡಿತರ ಮಾತನ್ನು ಉಪನ್ಯಾಸದಲ್ಲಿ ಹೇಳಿಸಿ, ಹೊರಗಿನ ಮೇಜಿನ ಮೇಲೆ ಕೂಪನ್ ಮಾರಿದರೆ ಮಕ್ಕಳು ಯಾವುದನ್ನು ಕಲಿಯುತ್ತಾರೆ? ಕೊಡುವವನು ಕೊಟ್ಟೆನೆಂಬ ಸಂತೋಷದಿಂದ ಮನೆಗೆ ಹೋಗಬೇಕು, ಬರಲಿಲ್ಲವೆಂಬ ವ್ಯಥೆಯಿಂದಲ್ಲ. ಹಣ ಸಾಲದಿದ್ದರೆ ಕೆಲಸವನ್ನು ಎರಡು ವರ್ಷ ಮುಂದೂಡಬಹುದು. ಬಸದಿಯ ಗೋಡೆ ಕಾಯುತ್ತದೆ.

ಉಪ ಆದಾಯ ಬೇಕೆನ್ನುವ ತರುಣರಿಗೆ ನನ್ನ ವಿರೋಧವಿಲ್ಲ. ಸಂಜೆಯ ವೇಳೆಯಲ್ಲಿ ಲೆಕ್ಕ ಬರೆಯಿರಿ, ಪಾಠ ಹೇಳಿ, ಒಂದು ಸರಕನ್ನು ತಂದು ಮಾರಿ. ಅದರಲ್ಲಿಯೂ ಸೋಲುತ್ತೀರಿ. ಆ ಸೋಲನ್ನು ಎದುರಿಗೆ ಕೂರಿಸಿಕೊಂಡು ‘ಏಕೆ ಬಂದೆ?’ ಎಂದು ಕೇಳಿ. ಉತ್ತರ ಹೇಳಿದರೆ ಕೈಮುಗಿದು ಕಲಿಯಿರಿ. ಉತ್ತರವೇ ಇಲ್ಲದ ಸೋಲಾದರೆ, ಮತ್ತೊಂದು ಅಂಚೆಚೀಟಿಯನ್ನು ಕೊಳ್ಳುವ ಮೊದಲು, ಅದನ್ನು ಯಾವ ಖಾತೆಗೆ ಬರೆಯಬೇಕೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಜೈ ಜಿನೇಂದ್ರ.